ಬೆಳಿಗ್ಗೆ ಆರೂ ನಲವತ್ತರ ಬದಲಾವಣೆ

ಮಾರ್ಚ್ 3, ಸೋಮವಾರ

ನಮ್ಮ ಪತ್ರಿಕೋದ್ಯಮ ವಿಭಾಗದ ಲ್ಯಾಬ್ ಪತ್ರಿಕೆಯ ಪುಟ ಕಟ್ಟುವ ದಿನ. ಮೂರನೇ ಪುಟದ ಶೀರ್ಷಿಕೆ ಎರಡು ಅಕ್ಷರ ಹೆಚ್ಚು. ಲ್ಯಾಬಿನ ಪ್ರಿಂಟರ್ ಎಂದಿನಂತೆ ಮುಷ್ಕರ. ಆದರೂ ಖುಷಿ — ಮೊದಲ ಪುಟ ಜಿಗಣೆಯದು. ಉತ್ತರ ಸಿಗುವ ತನಕ ಯಾರನ್ನೂ ಬಿಡುವುದಿಲ್ಲವೆಂದು ಕ್ಲಾಸಿನವರೇ ಅವಳಿಗೆ ಇಟ್ಟ ಹೆಸರು. ಹಾಸ್ಟೆಲಿನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಪ್ಪತ್ತಾರು, ಹತ್ತೊಂಬತ್ತರ ಅವಧಿ ಮುಗಿದಿದೆ. "ಮತ್ತೆ ಎಣಿಸಿದ್ಯಾ?" ಎಂದೆ. ಫೋನ್ ಮುಂದೆ ಹಿಡಿದಳು. ಒಂದೊಂದರ ಚೀಟಿಗೂ ಒಂದೊಂದು ಫೋಟೊ.

ಚೀಫ್ ಓದಿ ಸಹಿ ಹಾಕಿದರು. "ಇದಮ್ಮಾ ವರದಿ ಅಂದ್ರೆ!" ಈಗ ವಿಭಾಗದ ಮುಖ್ಯಸ್ಥರು, ನನಗೆ ಮಾತ್ರ ಇನ್ನೂ ಚೀಫ್. ದಿನಪತ್ರಿಕೆಯಲ್ಲಿ ನಾನು ಟ್ರೈನಿಯಾಗಿದ್ದಾಗ ಕೈಹಿಡಿದು ತಿದ್ದಿದವರು, ಹನ್ನೊಂದು ವರ್ಷದ ಹಿಂದೆ ಇಲ್ಲಿಗೆ ಕರೆತಂದವರು.

ಸಂಜೆ ಐದಕ್ಕೆ ವೆಬ್‌ಸೈಟಿಗೂ ಹಾಕಿದೆವು.

ಮಾರ್ಚ್ 4, ಮಂಗಳವಾರ

ಬೆಳಿಗ್ಗೆ ಆರೂವರೆ ಗಂಟೆಗೇ ಅಮ್ಮನ ಫಿಸಿಯೋಥೆರಪಿ. ಫೋನ್ ನೋಡಲೇ ಇಲ್ಲ. ಹನ್ನೊಂದಕ್ಕೆ ಡಿಜಿಟಲ್ ಪ್ರಾಕ್ಟಿಕಲ್. ಒಳಗೆ ಕಾಲಿಟ್ಟರೆ ಕ್ಲಾಸ್ ಗಪ್‌ಚುಪ್.

ವೆಬ್‌ನಲ್ಲಿ ವರದಿಯ ಕೆಳಗೆ ಹೊಸ ಸಾಲು: "ಈ ಅಂಕಿಗಳು ತಪ್ಪು. ವರದಿಗಾರ್ತಿ ಸ್ಥಳಕ್ಕೆ ಹೋಗದೆ ಬರೆದಿದ್ದಾರೆ." ಜಿಗಣೆಯ ಮುಖದಲ್ಲಿ ರಕ್ತವೇ ಇಲ್ಲ.

ನಾನು ದೊಡ್ಡ ಶೂರಳಂತೆ, "ಅಳೋದು ಆಮೇಲೆ. ಲಾಗ್ ತೆಗಿ. ಯಾರು, ಎಷ್ಟು ಗಂಟೆಗೆ ಬದಲಾಯಿಸಿದ್ದಾರೆ ಅಂತ ಎಲ್ಲರೂ ನೋಡ್ಲಿ" ಎಂದೆ.

ತೆಗೆದಳು. ಪರದೆಯ ಮೇಲೆ ಇಷ್ಟಗಲ: ಬೆಳಿಗ್ಗೆ 6.40. ಪಕ್ಕದಲ್ಲಿ ನನ್ನ ಹೆಸರು.

ಮೂವತ್ತೆರಡು ತಲೆಗಳು ನನ್ನತ್ತ ತಿರುಗಿದವು. "ನಾನಲ್ಲ" ಎಂದೆ. "ಪಾಸ್‌ವರ್ಡ್ ಇನ್ಯಾರಿಗೆ ಗೊತ್ತು ಮೇಡಂ?" — ಹಿಂದಿನ ಬೆಂಚಿನವನು. "ನೋಡ್ತೀನಿ" ಎಂದಷ್ಟೇ ಹೇಳಿ ಹೊರಬಂದೆ. ನೋಡುವುದೇನಿತ್ತು? ಹೋದ ವರ್ಷ ಜ್ವರದಲ್ಲಿ ಮಲಗಿದ್ದಾಗ ಒಬ್ಬರಿಗೆ ಮಾತ್ರ ಕೊಟ್ಟಿದ್ದೆ. ಬದಲಾಯಿಸುವ ಯೋಚನೆಯೇ ಬಂದಿರಲಿಲ್ಲ. ಅಪ್ಪನಂಥವರು.

ಅದೇ ದಿನ, ಸಂಜೆ 4.30

ಚೀಫ್ ಕೋಣೆ. ಸುಳ್ಳು ಹೇಳಲಿಲ್ಲ, ಅದೊಂದು ಪುಣ್ಯ.

"ಕೂತ್ಕೊಳಮ್ಮ. ಕಾಲೇಜಿನ ಮೇಲಿನವರು ಹಾಸ್ಟೆಲ್ ಸುದ್ದಿ ನೋಡಿ ಬೆಳಗಾಗೋಕ್ಕೆ ಮುಂಚೆ ಫೋನ್ ಮಾಡಿದ್ರು. ನನ್ನ ಎಕ್ಸ್‌ಟೆನ್ಶನ್ ಫೈಲು, ರಿಟೈರ್ ಆದ್ಮೇಲೂ ಇಲ್ಲಿರೋಕೆ ಕೇಳಿದ್ದು, ಅವರ ಟೇಬಲ್ ಮೇಲಿದೆ."

"ನನ್ನ ಲಾಗಿನ್ನಲ್ಲಿ ಯಾಕೆ ಸರ್?"

"ನನ್ನದ್ರಲ್ಲಿ ಮಾಡಿದ್ರೆ ನಾನೇ ಅಂತ ಗೊತ್ತಾಗಲ್ವಾ?"

ಎಷ್ಟು ಸಲೀಸು!

"ಆ ಹುಡುಗಿ ಗತಿ?"

"ಚಿಕ್ಕವಳು, ಮರೀತಾಳೆ. ಅವಳು ತಪ್ಪು ಮಾಡಿದ್ಲು, ನೀನು ತಿದ್ದಿದೆ ಅಂತ ಒಂದು ಸಾಲು ಬರ್ಕೊಡು. ಇಲ್ಲಾಂದ್ರೆ… ಲಾಗ್‌ನಲ್ಲಿರೋದು ನಿನ್ನ ಹೆಸರೇ ಅಲ್ವೇನಮ್ಮ?"

'ಬೆನ್ನಿಗೆ ಚೂರಿ' ಎಂದು ಯಾರಾದರೂ ಶೀರ್ಷಿಕೆ ಕೊಟ್ಟರೆ ಸವಕಲು ಎಂದು ಹೊಡೆದು ಹಾಕುತ್ತೇನೆ. ಇವತ್ತು ಬೇರೆ ಪದ ಸಿಗುತ್ತಿಲ್ಲ.

ಮಾರ್ಚ್ 5, ಬುಧವಾರ

ಜಿಗಣೆಗೆ ನೋಟಿಸ್. ಮುಂದಿನ ಮಂಗಳವಾರ ವಿಚಾರಣೆ. ತಪ್ಪು ಸಾಬೀತಾದರೆ ಪರೀಕ್ಷೆಗೆ ಕೂರುವಂತಿಲ್ಲ. ಹಾಸ್ಟೆಲಿನ ಸಿಲಿಂಡರ್‌ಗಳಿಗೆಲ್ಲ ಆಗಲೇ ಹೊಸ ಚೀಟಿ ಅಂಟಿಸಿದ್ದಾರೆ. ಅವಳ ಫೋಟೊಗಳು ಎಲ್ಲಿಯವೋ ಎನ್ನುತ್ತಾರಂತೆ.

ಅಮ್ಮನಿಗೆ ಹೇಳಿದೆ. "ನಿಮ್ಮಪ್ಪ ಹೋದಾಗ ಮೊದಲು ಬಂದು ನಿಂತವರು ಅವರು ಕಣೇ" ಎಂದಳು.

ಮಾರ್ಚ್ 10, ಸೋಮವಾರ

ನಾಲ್ಕು ದಿನ ಏನೂ ಬರೆದಿಲ್ಲ. ಏನೂ ಹೇಳಿಯೂ ಇಲ್ಲ, ಯಾರಿಗೂ.

ಇವತ್ತು ಫೋಟೊ ಅಡಿಬರಹದ ಪಾಠ. ಯಾರೂ ಪ್ರಶ್ನೆ ಕೇಳಲಿಲ್ಲ. ಜಿಗಣೆ ಬಾಗಿಲ ಹತ್ತಿರದ ಕುರ್ಚಿಗೆ ಹೋಗಿದ್ದಾಳೆ. ಚೀಫ್ ಟೈಪ್ ಮಾಡಿಸಿ ಕಳಿಸಿದ ಪತ್ರ ಬ್ಯಾಗಿನಲ್ಲಿದೆ, ನನ್ನ ಸಹಿಯೊಂದು ಬಾಕಿ. ಸಹಿ ಹಾಕಲೂ ಆಗದು, ಹರಿಯಲೂ ಆಗದು. ಇಷ್ಟೊಂದು ಪುಕ್ಕಲಿ ಯಾವಾಗ ಆದೆನೋ.

ಮಾರ್ಚ್ 11, ಮಂಗಳವಾರ, ಮಧ್ಯಾಹ್ನ 2.10

ಹೇಳಿಬಿಟ್ಟೆ! ಸಮಿತಿಯ ಮೂವರ ಮುಂದೆ. ಪಾಸ್‌ವರ್ಡ್ ಯಾರಿಗೆ ಕೊಟ್ಟಿದ್ದೆ, ಅವರು ಏನು ಹೇಳಿದರು, ಎಲ್ಲ. ಆ ದಿನ ಆರೂವರೆಗೆ ಅಲ್ಲಿದ್ದೆ ಎಂಬ ಫಿಸಿಯೋಥೆರಪಿಯ ಚೀಟಿ, ಚೀಫ್ ಕಳಿಸಿದ ಪತ್ರ ಎರಡನ್ನೂ ಮೇಜಿನ ಮೇಲಿಟ್ಟೆ. ಎದುರಿಗೇ ಕೂತಿದ್ದ ಚೀಫ್ ತಲೆ ಎತ್ತಲಿಲ್ಲ. "ಇಷ್ಟೇನಾ ನೀನು" ಎಂದರು, ಮೆಲ್ಲಗೆ. ಮೋಸ ಮಾಡಿದವರು ಅವರು, ಅಪರಾಧಿಯ ಹಾಗೆ ನಡುಗಿದವಳು ನಾನು.

ನೋಟಿಸ್ ವಾಪಸ್. ಲ್ಯಾಬ್ ಪತ್ರಿಕೆಯ ನನ್ನ ಹೊಣೆಯೂ ವಾಪಸ್. ಇರಲಿ ಎಂದುಕೊಂಡು ಕೆಳಗಿಳಿದೆ. ಮೆಟ್ಟಿಲ ಬಳಿ ಜಿಗಣೆ ನಿಂತಿದ್ದಳು.

"ಥ್ಯಾಂಕ್ಸ್ ಮೇಡಂ."

ಹಗುರಾಯಿತು. ಒಂದು ಕ್ಷಣ, ಅಷ್ಟೇ.

"ಒಂದು ಕೇಳ್ಲಾ? ಅವರೇ ಮಾಡಿದ್ದು ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ಅವಳ ಕೈಯಲ್ಲಿ ನೋಟ್‌ಬುಕ್ ತೆರೆದಿತ್ತು. ನಿನ್ನೆ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಕ್ಲಾಸಲ್ಲೇ. ಪರದೆ ಮೇಲೆ ನೋಡಿದ ಕೂಡಲೇ."

ಬರೆದುಕೊಂಡಳು. ತಾರೀಖು ಸಹಿತ.

"ಅಂದ್ರೆ ಏಳು ದಿನ. ಅಷ್ಟೂ ದಿನ ನಾನು ಊಟ ಬಿಟ್ಟಿದ್ದೆ ಮೇಡಂ. ಅಪ್ಪ ಬಂದು ಬೈದು ಹೋದ್ರು." ದನಿ ಏರಿಸಲಿಲ್ಲ. ಪುಟ ತಿರುವಿದಳು. "ಇದನ್ನ ನನ್ನ ವರದೀಲಿ ನಿಮ್ಮ ಹೆಸರಲ್ಲೇ ಹಾಕ್ಬಹುದಾ?"

ನಾನು ನೋಟ್‌ಬುಕ್ ಇಸಿದುಕೊಂಡು, ಅವಳು ಬರೆದ ತಾರೀಖಿನ ಕೆಳಗೆ ಸಹಿ ಹಾಕಿದೆ.