ಹೊಸ್ತಿಲ ಒಳಗಿನ ಲೆನ್ಸು

ನೆಟ್ಟಗೆ ಕೂತು ಓದು. ಬೋರಲು ಮಲಗಿ, ಕಾಲು ಅಲ್ಲಾಡಿಸುತ್ತ, ಎರಡು ಸಾಲು ನೋಡಿ ಕಾಗದವನ್ನು ದಿಂಬಿನ ಕೆಳಗೆ ತುರುಕುವ ನಿನ್ನ ಚಾಳಿ ನನಗೆ ಗೊತ್ತಿಲ್ಲವೇನು? ಅಲ್ಲಿ ಹೋದ ಮೇಲೂ ಅದನ್ನು ಬಿಟ್ಟಿರಲಿಕ್ಕಿಲ್ಲ. ಅಕ್ಷರ ಸೊಟ್ಟಗಿವೆ ಎಂದು ನಗಲೂ ಬೇಡ. ಮಟಕಿ ಊರಿನ ಶಾಲೆಯಲ್ಲಿ ಮೂರನೇ ಇಯತ್ತೆಗೇ ನನ್ನನ್ನು ಬಿಡಿಸಿ ಎಮ್ಮೆ ಕಾಯಲು ಹಚ್ಚಿದವನು ನಿನ್ನ ಅಜ್ಜ. ಕೇಳುವುದಿದ್ದರೆ ಅವನನ್ನೇ ಕೇಳು, ಅಲ್ಲೇ ಎಲ್ಲೋ ಎಲೆ ಅಡಿಕೆ ಹಾಕುತ್ತ ಕೂತಿರಬೇಕು.

ಮಗನೇ ಶರಣಪ್ಪ,

ನೀನು ಕಾಮಾಲೆಯಾಗಿ ಹೋದ ಮೇಲೆ, ಮನೆ ತುಂಬ ಕೂತಿದ್ದ ಮಂದಿ ಒಬ್ಬೊಬ್ಬರಾಗಿ ಎದ್ದು ಹೋದದ್ದು ಕಣ್ಣಿಗೆ ಕಟ್ಟಿದಂತಿದೆ. ಕೊನೆಗೆ ಉಳಿದವನು ಕೊಳಕೂರಿನಿಂದ ಬಂದ ನಿನ್ನ ಹೆಂಡತಿಯ ಅಣ್ಣ. ಮಹಾನಂದಾಳನ್ನೂ ನನ್ನ ಮೊಮ್ಮಗಳನ್ನೂ ಜೇವರ್ಗಿ ಬಸ್ಸು ಹತ್ತಿಸಲೆಂದೇ ಬಂದಿದ್ದ. ಅವಳು ಒಲ್ಲೆ ಎಂದಳು. "ಸ್ಟುಡಿಯೋ ನಾನ ನಡಸ್ತೇನಿ ಅಣ್ಣಾ. ಅವರ ಕಡಿಂದ ಎಲ್ಲಾ ಕಲತೇನಿ." ಅವನು ನನ್ನ ಕಡೆ ತಿರುಗಿದ. "ಬರೂ ಸುಗ್ಗಿ ತನಕ ನೋಡ್ತೇನ್ರಿ ಅತ್ತಿ. ಫೋಟೋದಿಂದ ಹೊಟ್ಟಿ ತುಂಬಲಿಲ್ಲಂದ್ರ ಕರಕೊಂಡು ಹೋಗಾಂವ. ನಮ್ಮ ಹೊಲದಾಗ ಕೆಲಸಕ್ಕೇನು ಕಡಿಮಿ ಐತಿ?" ಆ ಮಾತಿನಲ್ಲಿ ನನಗೆ ಕೇಳಿಸಿದ್ದು ತಂಗಿಯ ಮೇಲಿನ ಅಂತಃಕರಣವಲ್ಲ, ಕೂಲಿ ಕೇಳದ ಎರಡು ಕೈ. ನನ್ನ ಕಿವಿಯೇ ಕೆಟ್ಟದ್ದೋ ಏನೋ. ಆದರೂ...

ಮೇಲೊಂದು ಕೆಳಗೊಂದು ಲೆನ್ಸಿನ, ನಿನ್ನ ಎರಡು ಕಣ್ಣಿನ ಹಳೆಯ ಕ್ಯಾಮೆರಾವನ್ನು ಅವಳು ಮೊದಲ ಸಲ ಕೊರಳಿಗೆ ಹಾಕಿಕೊಂಡ ದಿನವೇ ಅದು ಕೈ ಕೊಟ್ಟಿತು. ಒಳಗಿನ ಸ್ಪ್ರಿಂಗು ಹಿಡಿದುಕೊಂಡಿತ್ತು. "ಕೆಡವಿದೇನ್ ಬೇ?" ಎಂದೆ. "ಇಲ್ರಿ ಅತ್ತಿ, ಅವರಿದ್ದಾಗನ ಹಿಡೀತಿತ್ತು, ನಿಮಗ ಹೇಳಿರಲಿಲ್ಲ," ಎಂದಳು. ನಂಬಲಿಲ್ಲ. ಗುಲ್ಬರ್ಗದ ರಿಪೇರಿಯವನೂ ಅದನ್ನೇ ಹೇಳಿದ: ಬಹಳ ದಿನದ ರೋಗ, ಇದರ ಸಾಮಾನು ಈಗ ಸಿಗುವುದಿಲ್ಲ. ಹಾಗಾದರೆ ನನಗೆ ಯಾಕೆ ಹೇಳಲಿಲ್ಲ ನೀನು? ಇನ್ನೂ ಏನೇನು ಹೇಳದೆ ಹೋದೆ?

ಕ್ಯಾಮೆರಾ ಇಲ್ಲದೆ ಕೈ ಕಟ್ಟಿ ಕೂತಿದ್ದಾಗ ಅತನೂರಿನಿಂದ ಒಬ್ಬ ಗಿಡ್ಡ ಹೆಂಗಸು ಅಂಗಡಿಗೆ ಬಂದದ್ದು ನೆನಪಾಗುತ್ತದೆ. ಮಗಳ ಕುಬಸವಂತೆ. "ನಮ್ಮ ಮನಿ ಗಂಡಸರು ಫೋಟೋಗ್ರಾಫರನ್ನ ಒಳಗ ಬಿಡಂಗಿಲ್ರಿ. ನಿಮ್ಮಲ್ಲಿ ಹೆಣ್ಮಗಳು ತೆಗೀತಾಳಂತಲ್ಲ?" ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಆ ಹೊತ್ತಿನಲ್ಲಿ ಒಳಮನೆಯಲ್ಲಿ ಗಂಡಸಿಗೆ ಏನು ಕೆಲಸ? ನಮ್ಮ ಆಳಂದದಲ್ಲಾಗಲಿ ಅಫಜಲಪುರದಲ್ಲಾಗಲಿ ಕ್ಯಾಮೆರಾ ಹಿಡಿದ ಹೆಂಗಸು ಇನ್ನೊಬ್ಬಳಿಲ್ಲ. ಕುಬಸ, ತೊಟ್ಟಿಲು, ಮೈನೆರೆದವರ ಆರತಿ, ಎಲ್ಲ ಇವಳಿಗೇ ಬರಬೇಕು. ಮಹಾನಂದಾ ಹೂಂ ಎಂದಳು. ಹೂಂ ಎನ್ನುವಾಗ ತಲೆ ತಗ್ಗಿಸಿದ್ದಳು. ಯಾಕೆ ತಗ್ಗಿಸಿದಳೆಂದು ನನಗೆ ಆಗ ತಿಳಿಯಲಿಲ್ಲ, ಬರೀ ಸಂಶಯ ಬಂತು.

ಮಟಕಿ ಹೊಲದ ತೊಗರಿ ಈ ಸಲ ಚೆನ್ನಾಗಿ ಬಂದಿತ್ತು. ಅದನ್ನು ಮಾರಿ, ಸೊಸೆಯನ್ನು ಕರೆದುಕೊಂಡು ಗುಲ್ಬರ್ಗಕ್ಕೆ ಹೋದೆ. ಹಳೆಯ ಜಪಾನಿ ಕ್ಯಾಮೆರಾ ಮಾರುವ ಅಂಗಡಿ. ಅಂಗಡಿಯವನ ಬಾಯಲ್ಲಿ ಬೆಲ್ಲ. ಅಂಥವರನ್ನು ಕಂಡರೆ ನಾನು ಸೆರಗಿನ ಗಂಟು ಇನ್ನಷ್ಟು ಬಿಗಿ ಮಾಡುತ್ತೇನೆ. "ಇದು ಎಸ್‌ಎಲ್‌ಆರ್ ಅಮ್ಮಾ. ಕಣ್ಣಿಗೆ ಏನ್ ಕಾಣ್ತದ, ಫೋಟೋದಾಗ ಅದೇ ಬರ್ತದ. ಒಳಗ ಕನ್ನಡಿ ಐತಿ," ಎಂದ. ಕನ್ನಡಿ ಇಟ್ಟುಕೊಂಡು ಆಟ ತೋರಿಸುವವರನ್ನು ನಾನು ಜಾತ್ರೆಯಲ್ಲಿ ಕಾಣದವಳೇ? ಕಣ್ಣಿಟ್ಟು ನೋಡಿದೆ. ಅವನು ಗುಂಡಿ ಒತ್ತಿದ. ಠಪ್ ಎಂದಿತು, ಎಲ್ಲ ಕತ್ತಲಾಯಿತು, ಮತ್ತೆ ಬೆಳಕು ಬಂತು.

"ಫೋಟೋ ಹೊಡಿಯೂ ಹೊತ್ತಿಗೇ ಕಣ್ಣು ಕಟ್ಟತೈತಲ್ಲೋ ಇದು. ಆ ಹೊತ್ತಿನಾಗ ಏನ್ ಮಾಡ್ತೈತಿ?"

"ಕನ್ನಡಿ ಮ್ಯಾಲ ಏಳ್ತದ ಅಮ್ಮಾ, ಅದಕ್ಕ. ಬೇಫಿಕರ್ ಇರ್ರಿ."

"ಬೇಫಿಕರ್ ಇದ್ದಿದ್ರ ಇಷ್ಟು ವಯಸ್ಸಾಗತಿತ್ತೇನು ನನಗ?"

ಮಹಾನಂದಾ ಬಾಯಿಗೆ ಸೆರಗು ಅಡ್ಡ ಹಿಡಿದಳು. ನೀನು ಹೋದ ಮೇಲೆ ಅವಳ ನಗು ಕಂಡದ್ದು ಅಂದೇ.

ಸಣ್ಣವನಿದ್ದಾಗ ನೀನು ಕಂದೀಲಿನ ಗಾಜು ಒರೆಸುವ ನನ್ನ ಎದುರು ಕೂತು ನೋಡುತ್ತಿದ್ದೆ. ಗಾಜಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ. ಅಂಗಡಿಯವನು ಕೊಟ್ಟ ಲೆನ್ಸನ್ನು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದು ಓರೆ ಮಾಡಿದೆ. ಒಳಗೆ ಬೆಳ್ಳಗೆ ಎಳೆ ಎಳೆ. ಮುಚ್ಚಳ ಸಡಿಲಾದ ಉಪ್ಪಿನಕಾಯಿಯ ಮೇಲೆ ಬರುತ್ತದಲ್ಲ, ಅಂಥ ಬೂಷ್ಟು. "ಇದೇನೋ ತಮ್ಮಾ, ಜಪಾನದಾಗೂ ಉಪ್ಪಿನಕಾಯಿ ಹಾಕ್ತಾರೇನು?" ಎಂದೆ. ಅವನು ಒಳಗೆ ಹೋಗಿ ಬೇರೆ ಎರಡು ತಂದ. ಮೊದಲೇ ಇವನ್ನು ಯಾಕೆ ಒಳಗಿಟ್ಟಿದ್ದ, ಹೇಳು ನೋಡೋಣ?

ಎದುರಿಗೆ ಈಗ ಎರಡು ಲೆನ್ಸು. ಒಂದು ಗಿಡ್ಡ, ಅಗಲ ಬಾಯಿಯದು. ಅರೆಗತ್ತಲ ಕೋಣೆಯಲ್ಲೂ ಬೆಳಕು ಹೀರುತ್ತದೆ, ಆದರೆ ಮಂದಿಯ ಹತ್ತಿರ ಹೋಗಿ ನಿಲ್ಲಬೇಕು. ಇನ್ನೊಂದು ಉದ್ದ. ದೂರ ನಿಂತರೂ ಮುಖವನ್ನು ಎಳೆದು ತರುತ್ತದೆ. ನೋಡಿದೆ. ರಸ್ತೆಯಾಚೆ ಗಾಡಿಯಲ್ಲಿದ್ದ ಬಾಳೆಹಣ್ಣಿನ ಮೇಲೆ ಕೂತ ನೊಣ ಕಂಡಿತು. ತೊಗರಿಯ ರೊಕ್ಕ ಕ್ಯಾಮೆರಾಕ್ಕೆ ಹೋಗಿ ಉಳಿಯುವುದು ಒಂದೇ ಲೆನ್ಸಿಗೆ. ಸೊಸೆ ತಡಮಾಡದೆ ಉದ್ದದ್ದನ್ನು ಮುಟ್ಟಿದಳು. "ಇದ ಬೇಕ್ರಿ ಅತ್ತಿ." ಅಂಗಡಿಯವನಿಗೇ ಆಶ್ಚರ್ಯ. "ಮನಿಯೊಳಗಿನ ಕಾರ್ಯಕ್ಕ ಇದು ನಡಿಯಂಗಿಲ್ರಿ ಅಕ್ಕಾರೆ, ಬೆಳಕು ಸಾಲಂಗಿಲ್ಲ," ಎಂದ. ತನಗೆ ಹೆಚ್ಚು ಲಾಭ ತರುವ ಮಾಲನ್ನು ಬೇಡ ಎನ್ನುವ ವ್ಯಾಪಾರಿಯನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಅವನ ಮೇಲಿದ್ದ ಸಂಶಯವೆಲ್ಲ ಒಮ್ಮೆಲೇ ಇವಳ ಮೇಲೆ ತಿರುಗಿತು. ದೂರದಿಂದ ಯಾರನ್ನು ನೋಡಬೇಕಾಗಿದೆ ಇವಳಿಗೆ? ಕದ್ದು ನೋಡುವಂಥದ್ದೇನಿದೆ?

ಅದೇ ಬಾಳೆಹಣ್ಣಿನ ಗಾಡಿಯ ನೆರಳಿಗೆ ಅವಳನ್ನು ಎಳೆದುಕೊಂಡು ಬಂದೆ. "ಖರೇ ಹೇಳ ಬೇ. ಆ ಉದ್ದಂದು ಯಾಕ?" ಅವಳು ಕೆಳಗೆ ನೋಡುತ್ತ ಹೇಳಿದಳು, "ಗಂಡ ಸತ್ತಾಕಿ ನಾ. ಕುಬಸದಾಗ ಬಸುರಿ ಮುಂದ ಹೋಗಿ ನಿಂದ್ರಾಕ ಬಿಡ್ತಾರೇನ್ರಿ? ಹೊಸ್ತಿಲ ಹೊರಗ ನಿಂತು ತೆಗೀತೇನಿ. ಯಾರಿಗೂ ಅಡ್ಡಿ ಆಗಂಗಿಲ್ಲ. ಫೋಟೋ ಸ್ವಲ್ಪ ಮಬ್ಬು ಬಂದ್ರೂ ಬರಲಿ."

ನಿನ್ನ ಮದುವೆ ನೆನಪಾಯಿತು ಶರಣಪ್ಪ. ನಿನ್ನಪ್ಪ ಹೋದಾಗ ನೀನು ಅಂಬೆಗಾಲಿಡುತ್ತಿದ್ದೆ. ಹೆತ್ತು, ಸಾಕಿ, ಹೆಣ್ಣು ನೋಡಿ ಗೊತ್ತು ಮಾಡಿದವಳು ನಾನು. ಅಕ್ಕಿಕಾಳು ಬೀಳುವ ಹೊತ್ತಿಗೆ ಮಾತ್ರ ಅಡುಗೆಮನೆಯ ಬಾಗಿಲ ಹಿಂದೆ, ಜೋಳದ ಚೀಲಗಳ ನಡುವೆ ನಿಂತಿದ್ದೆ. ಯಾರೂ ಹೋಗು ಎನ್ನಲಿಲ್ಲ, ನಾನೇ ಹೋಗಿ ನಿಂತೆ. ನಿನಗೆ ಫೋಟೋ ಕಲಿಸಿದ ಉಸ್ತಾದರು ತೆಗೆದ ಆ ಫೋಟೋಗಳನ್ನು ಆಲ್ಬಮ್ಮಿಗೆ ಅಂಟಿಸಿದವನು ನೀನೇ ಅಲ್ಲವೇ? ಪುಟ ತಿರುವಿದಂತೆ ಅತ್ತೆ, ಚಿಕ್ಕಮ್ಮ, ಬ್ಯಾಂಡು ಬಾರಿಸುವವನು, ಎಲ್ಲರೂ ಇದ್ದಾರೆ. ಅವ್ವ ಎಲ್ಲಿದ್ದಾಳೆ? ನಿನಗೆ ಕಾಣಲೇ ಇಲ್ಲವೋ, ಕಂಡೂ... ಇರಲಿ. ಸತ್ತವನ ಮೇಲೆ ಸಂಶಯ ಪಟ್ಟು ಏನು ಬಂತು? ಆದರೂ ಪಡುತ್ತೇನೆ.

ತಿರುಗಿ ಅಂಗಡಿಗೆ ಹೋಗಿ ಗಿಡ್ಡ ಲೆನ್ಸನ್ನೇ ತೆಗೆದುಕೊಂಡೆ. ಬಸ್ಸಿನಲ್ಲಿ ಆಳಂದ ಬರುವವರೆಗೂ ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ನೀವು ಕೊಡಿಸಿದ್ದು ಕಣ್ಣಲ್ರಿ ಅತ್ತಿ, ಜಗಳ," ಎಂದಳು ಇಳಿಯುವಾಗ. ಸುಳ್ಳೇನಲ್ಲ.

ಅತನೂರಿನ ಆ ಮನೆಯ ಬಾಗಿಲು ನಿನಗೆ ಹೇಗೆ ಹೇಳಲಿ? ಅಗಲ ಹೊಸ್ತಿಲು, ಅದರ ಮೇಲೆ ಅರಿಶಿನ. ಒಳಗೆ ಹಸಿರು ಸೀರೆಯ ಹುಡುಗಿ ಮಣೆಯ ಮೇಲೆ, ಸುತ್ತ ಮುತ್ತೈದೆಯರು. ಬಾಗಿಲಲ್ಲಿ ಹುಡುಗಿಯ ಸೋದರತ್ತೆ ಕೂತಿದ್ದಳು. ತನ್ನ ಹಣೆಯೂ ಬೋಳು, ಕಾವಲು ಮಾತ್ರ ಗಟ್ಟಿ. "ಅಲ್ಲೇ ನಿಂದ್ರ ಬೇ. ಹೊರಗಿಂದ ತೆಗಿ," ಎಂದಳು. ಮಹಾನಂದಾ ನಿಂತುಬಿಟ್ಟಳು. ಅವಳು ತಿರುಗಿ ಹೊರಟಿದ್ದರೆ ಕೊಳಕೂರಿನವರೆಗೂ ನಿಲ್ಲುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು.

"ತೆಗೀತಾಳ್ರಿ ಹೊರಗಿಂದ, ಅದಕ್ಕೇನು," ಎಂದೆ ನಾನು. "ಆದ್ರ ಈ ಕ್ಯಾಮೆರಾ ದೂರದ್ದು ಹಿಡಿಯಂಗಿಲ್ಲ. ನಿಮ್ಮ ಹುಡುಗಿ ಕಡ್ಲಿಕಾಳಿನಷ್ಟು ಬರ್ತಾಳ. ಹೊಸ್ತಿಲ ದೊಡ್ಡದು ಬರ್ತೈತಿ, ಅದರ ಹಿಂದ ನೀವು ಅದಕ್ಕಿಂತ ದೊಡ್ಡದಾಗಿ ಬರ್ತೀರಿ. ಕುಬಸ ಹುಡುಗೀದೋ ನಿಮ್ಮದೋ, ನೋಡಿದವರು ಕೇಳ್ತಾರ."

ಒಳಗೆ ಯಾರೋ ಕಿಸಕ್ಕೆಂದರು. ಮಣೆಯ ಮೇಲಿದ್ದ ಹುಡುಗಿಯೇ ಕೂಗಿದಳು, "ಒಳಗ ಬರ್ರಿ ಅಕ್ಕಾ. ನನ್ನ ಕೈಯಾನ ಬಳಿ ಕಾಣಬೇಕು ಫೋಟೋದಾಗ." ಅದು ಇವಳ ಮೇಲಿನ ಮಮತೆಯೋ ಬಳೆಯ ಮೇಲಿನ ಆಸೆಯೋ, ನಾನು ಇಂದಿಗೂ ನಿರ್ಧರಿಸಿಲ್ಲ. ಮಹಾನಂದಾ ಬಲಗಾಲಿಟ್ಟು ಒಳಗೆ ಹೋದಳು. ಒಬ್ಬಾಕೆ ಎದ್ದು ಅಡುಗೆಮನೆಗೆ ನಡೆದಳು. ಉಳಿದವರು ಕೂತರು. ಮೊದಮೊದಲಿನ ಕೆಲವು ಫೋಟೋ ಅಲುಗಿವೆ. ಆಮೇಲಿನವು ಬಳೆಯ ಗೆರೆ ಎಣಿಸುವಷ್ಟು ಸ್ಪಷ್ಟ. ಗುಂಪಿನ ಫೋಟೋಕ್ಕೆ ಅವಳು ಆ ಸೋದರತ್ತೆಯನ್ನೂ ಕರೆದಳು. "ನಾ ಒಲ್ಲೆ," ಎಂದಳು ಮುದುಕಿ. ಒಲ್ಲೆ ಎಂದವಳು ಸೆರಗು ಸರಿ ಮಾಡಿಕೊಂಡಳು. ಫೋಟೋದ ಅಂಚಿನಲ್ಲಿ ಆ ಸೆರಗು ಅರ್ಧ ಬಂದಿದೆ.

ಮೊನ್ನೆ ಸುಗ್ಗಿ ಮುಗಿಸಿ ಕೊಳಕೂರಿನಿಂದ ಮಹಾನಂದಾಳ ಅಣ್ಣ ಬಂದ. ಅಂಗಡಿಯ ಮುಂದೆ ಕಾದು ಕೂತ ಹೆಂಗಸರನ್ನು ನೋಡಿ ಚಪ್ಪಲಿ ಬಿಡಲೋ ಬೇಡವೋ ಎಂದು ನಿಂತ. ಕರೆದುಕೊಂಡು ಹೋಗುವ ಮಾತು ತೆಗೆಯಲಿಲ್ಲ. ಹೊರಡುವಾಗ, "ನಮ್ಮ ಮನ್ಯಾಗೂ ಕುಬಸ ಐತ್ರಿ ಅತ್ತಿ. ತಂಗಿ ಬಂದು ಫೋಟೋ ತೆಗೀಲಿ," ಎಂದ. "ಹೊಸ್ತಿಲ ಒಳಗೋ, ಹೊರಗೋ?" ಎಂದೆ. "ಒಳಗ್ರಿ." "ರೊಕ್ಕಕ್ಕೋ, ಬಿಟ್ಟಿಯೋ?" "ರೊಕ್ಕಕ್ಕ್ರಿ," ಎಂದ, ಚಪ್ಪಲಿ ಮೆಟ್ಟುತ್ತ.

ಈಗ ಒಂದೇ ತಂಟೆ ಉಳಿದಿದೆ, ಅದು ನಿನ್ನದು. ಅಂಗಡಿಯ ಹಲಗೆಯ ಬಣ್ಣ ಉದುರಿದೆ. ನಿನ್ನ ಹೆಸರನ್ನೇ ಹೊಸದಾಗಿ ಬರೆಸೋಣ ಎನ್ನುತ್ತಾಳೆ ಮಹಾನಂದಾ. ಅವಳ ಹೆಸರು ಬರಲಿ ಎನ್ನುತ್ತೇನೆ ನಾನು. ದುಡಿಯುವವಳು ಅವಳು, ಹೆಸರಿನ ಹಿಂದೆ ಯಾಕೆ ನಿಲ್ಲಬೇಕು? ಹಾಗೆಂದು ಹೆತ್ತ ಮಗನ ಹೆಸರಿನ ಮೇಲೆ ಬಣ್ಣ ಬಳಿಸುವುದು ನನಗೆ ಸುಲಭ ಎಂದುಕೊಂಡೆಯಾ? ದಿನಾ ಕಸ ಹೊಡೆಯುವಾಗ ಅದನ್ನು ಓದಿಯೇ ಒಳಗೆ ಹೋಗುತ್ತೇನೆ. ಹಲಗೆ ಬರೆಯುವವನು ಮುಂದಿನ ತಿಂಗಳು ಬರುತ್ತಾನೆ. ಆ ತಿಂಗಳು ಹುಟ್ಟುವುದರೊಳಗೆ ನಿನ್ನ ಉತ್ತರ ನನ್ನ ಕೈಗೆ ಬರಬೇಕು. ಕನಸಿನಲ್ಲಿ ಹೇಳುತ್ತೀಯೋ, ಹಲ್ಲಿಯ ಬಾಯಲ್ಲಿ ಹೇಳಿಸುತ್ತೀಯೋ, ನಿನಗೆ ಬಿಟ್ಟದ್ದು. ಸುಮ್ಮನಿದ್ದರೆ ಒಪ್ಪಿದೆ ಎಂದು ತಿಳಿದು ಅವಳ ಹೆಸರನ್ನೇ ಬರೆಸುತ್ತೇನೆ.

ನಿನ್ನ ಅವ್ವ