ರಾಮವ್ವ ಹೌದೆಂದಳು, ತಾವು ಇಲ್ಲವೆಂದು ಬರೆದುಕೊಂಡಿರಿ

ಭಾಷಾ ಸಂರಕ್ಷಣೆಯ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ಬದುಕಿರುವ ಒಂದು ಭಾಷೆಯನ್ನು ಸತ್ತಿದೆ ಎಂದು ತಾವು ತೀರ್ಮಾನಿಸಿಬಿಟ್ಟಿದ್ದೀರಿ. ಅದನ್ನಾಡುವ ಮುದುಕಿ ನಮ್ಮ ನಾಲತವಾಡದ ಹೊರಗೆ, ಜಾಲಿಗಿಡಗಳ ಪಕ್ಕದ ತಗಡಿನ ಮನೆಯಲ್ಲಿ ಇನ್ನೂ ಉಸಿರಾಡುತ್ತಿದ್ದಾಳೆ. ಹೆಸರು ರಾಮವ್ವ. ಅವಳ ಮಾತನ್ನು ಟೇಪಿನಲ್ಲಿ ಹಿಡಿದಿಡಿ ಎಂದು ಬೇಡಿಕೊಂಡಿದ್ದಕ್ಕೆ ತಮ್ಮ ಕಚೇರಿಯ ಉತ್ತರ ಬಂತು: "ಸದರಿ ಭಾಷೆಯನ್ನು ಬಲ್ಲವರು ಯಾರೂ ಉಳಿದಿಲ್ಲವಾದ್ದರಿಂದ ಧ್ವನಿಮುದ್ರಣದ ಪ್ರಶ್ನೆ ಉದ್ಭವಿಸುವುದಿಲ್ಲ." ಎಷ್ಟು ಚೆಂದದ ಕನ್ನಡ! ಜೀವಮಾನವೆಲ್ಲ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಸುಳ್ಳನ್ನು ಇಷ್ಟು ನುಣ್ಣಗೆ ಬರೆಯುವುದನ್ನು ಮಾತ್ರ ಯಾವ ಮಕ್ಕಳಿಗೂ ಕಲಿಸಲಾಗಲಿಲ್ಲ.

ಮುಂದಿನ ನಾಲ್ಕು ಮಾತು ಈ ಬಹಿರಂಗ ಪತ್ರದ ಓದುಗರಿಗಾಗಿ. ತಮಗೆ ಆಗಲೇ ಎಲ್ಲ ಗೊತ್ತಿದೆ. ರಾಮವ್ವನ ಮಂದಿ ಬಲೆ ಹಾಕಿ ಕೌಜುಗ ಹಿಡಿಯುತ್ತಿದ್ದವರು. ತಾಳಿಕೋಟೆಯಿಂದ ಸಿಂದಗಿ, ಇಂಡಿಯವರೆಗೂ ಹೊಲದ ಬದು ಹಿಡಿದು ತಿರುಗುತ್ತಿದ್ದರು. ಮನುಷ್ಯರ ದನಿ ಕೇಳಿದರೆ ಹಕ್ಕಿ ಪರಾರಿಯಾಗುತ್ತದೆಂದು ಅವರ ಮಾತಿನಲ್ಲಿ ಅರ್ಧಕ್ಕರ್ಧ ನಾಲಿಗೆಯ ಲೊಚಗುಟ್ಟುವಿಕೆಯೇ. ಹಲ್ಲಿಗೆ ತಾಗಿಸಿ ಒಂದು, ಅಂಗುಳಿಗೆ ತಾಗಿಸಿ ಒಂದು, ಎತ್ತು ಹೊಡೆಯುವಾಗ ನಾವು ಮಾಡುತ್ತೇವಲ್ಲ, ಹಾಗೆ ದವಡೆಯ ಪಕ್ಕದಲ್ಲಿ ಇನ್ನೊಂದು. ಅದೇನೂ ದೊಡ್ಡ ಜ್ಞಾನಭಂಡಾರವಲ್ಲ. ಎದುರಿಗೆ ಕುಳಿತ ಗೌಡನನ್ನು ಅವನಿಗೆ ತಿಳಿಯದಂತೆ ಬೈಯುವ ಮಾತುಗಳೇ ಅದರಲ್ಲಿ ಹೆಚ್ಚು ಎಂದು ರಾಮವ್ವನೇ ನಗುತ್ತಾಳೆ. ಮಕ್ಕಳು ಮೊಮ್ಮಕ್ಕಳು ಕಾಲೊನಿ ಸೇರಿ ಕನ್ನಡ ಹಿಡಿದರು. ಕೊನೆಗೆ ಆಡುವವರೆಂದು ಉಳಿದದ್ದು ರಾಮವ್ವ ಮತ್ತು ಅವಳ ತಮ್ಮ ಸೋಮನಿಂಗ. ಒಂದು ಸಂಗತಿ ನೆನಪಿರಲಿ: ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಲೊಚ್ ಎಂದರೆ ನಮಗೆಲ್ಲ 'ಇಲ್ಲ'. ಅವರಿಗೆ ಅದು 'ಹೌದು'.

ಹೋದ ವರ್ಷ ತಮ್ಮ ಜೀಪು ಬಂತು. ಅಕ್ಕ ತಮ್ಮ ಇಬ್ಬರನ್ನೂ ಪಂಚಾಯ್ತಿಯ ಕುರ್ಚಿಗಳಲ್ಲಿ ಕೂರಿಸಿ, ಟೇಪ್ ರೆಕಾರ್ಡರಿನ ಪೆಟ್ಟಿಗೆ ತೆಗೆಯುವ ಮೊದಲೇ ಕೇಳಿದಿರಿ: ನಿಮ್ಮ ಹಿರಿಯರ ಭಾಷೆ ನಿಮಗೆ ಬರುತ್ತದೆಯೇ? ಈಜು ಬರುತ್ತದೆಯೇ ಎಂದರೆ ಬಾವಿಗೆ ಹಾರಿಯೇ ತೋರಿಸುವ ಜನ ಅವರು. ರಾಮವ್ವ ಸೆರಗು ಸರಿಮಾಡಿಕೊಂಡು, ಬಹಳ ಹೆಮ್ಮೆಯಿಂದ, ಆ ಭಾಷೆಯಲ್ಲೇ ಉತ್ತರ ಕೊಟ್ಟಳು: ಲೊಚ್. ತಾವು 'ಇಲ್ಲ' ಎಂದು ಬರೆದುಕೊಂಡಿರಿ. ಸೋಮನಿಂಗನೂ ಲೊಚ್ ಎಂದ. ಇನ್ನೊಂದು 'ಇಲ್ಲ'. ಆಮೇಲೆ ಅವನು ಎದುರಿಗಿದ್ದ ತಮ್ಮ ಹೊಟ್ಟೆಯ ಕಡೆ ನೋಡುತ್ತ ಉದ್ದದ ಒಂದು ವಾಕ್ಯವನ್ನೇ ಆಡಿದ. ರಾಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ತಾವು ಕರುಣಾಳುಗಳು, ಅಜ್ಜನ ಬಾಯಿ ಒಣಗಿದೆ, ನೀರು ಕೊಡಿ ಎಂದು ಅಪ್ಪಣೆ ಮಾಡಿದಿರಿ. ಸಾಹೇಬರೇ, ಅವರು ಹೌದು ಎನ್ನುತ್ತಿದ್ದಾರೆ ಎಂದು ನಾನು ನಡುವೆ ಬಾಯಿ ಹಾಕಿದರೆ, ಮೂರನೆಯವರು ಮಾತಾಡಿದರೆ ಸಮೀಕ್ಷೆಯ ಶುದ್ಧತೆ ಕೆಡುತ್ತದೆ ಎಂದು ಕೈಯೆತ್ತಿ ತಡೆದಿರಿ. ಆ ಶುದ್ಧತೆಯನ್ನು ಕಾಪಾಡಿಕೊಂಡು, ಚಹಾ ಕುಡಿದು, ಬಸವನ ಬಾಗೇವಾಡಿಯ ಕಡೆಗೆ ಹೊರಟೂ ಹೋದಿರಿ.

ಜೀಪು ಮರೆಯಾದ ಮೇಲೆ ಸೋಮನಿಂಗ ನನ್ನನ್ನು ಕೇಳಿದ: "ಬರ್ತೈತಿ ಅಂತ ಹೇಳಿದ್ವೆಲ್ರಿ ಅಕ್ಕೋರ, ಮತ್ತ ಪೆಟಗಿ ಯಾಕ ತಗೀಲಿಲ್ಲ ಅವ್ರು?"

ಶಾಲೆಯ ಅಕ್ಕೋರಿಗೆ ಎಲ್ಲ ಪ್ರಶ್ನೆಗೂ ಉತ್ತರ ಗೊತ್ತಿರುತ್ತದೆಂಬ ನಂಬಿಕೆ ಅವನದು. ನಾನು ಏನು ಹೇಳಲಿ? ಒಂದು ಭಾಷೆಯನ್ನು ಉಳಿಸಲು ರಾಜಧಾನಿಯಿಂದ ಬಂದವರಿಗೆ, ಆ ಭಾಷೆಯಲ್ಲಿ ಹೌದಿಗೆ ಏನೆನ್ನುತ್ತಾರೆ ಎಂದು ಕೇಳುವಷ್ಟೂ ಪುರಸೊತ್ತು ಇರಲಿಲ್ಲ ಎಂದೇ? ಪೆಟ್ಟಿಗೆ ತೆರೆಯದೆ ಒಳಗಿನ ಟೇಪು ಖಾಲಿ ಉಳಿಯಿತೆಂದು ಭಾಷೆಯೇ ಖಾಲಿಯಾಗಿದೆ ಎನ್ನುವ ವಿದ್ವತ್ತನ್ನು ಯಾವ ವಿಶ್ವವಿದ್ಯಾಲಯ ದಯಪಾಲಿಸುತ್ತದೆ? ತಪ್ಪಾಗಿದೆ ಎಂದು ಮತ್ತೆ ಮತ್ತೆ ಬರೆದೆ. ತಜ್ಞರ ಅಭಿಪ್ರಾಯವೇ ಅಂತಿಮ ಎಂಬ ಉತ್ತರ ಬಂತು. ಆ ತಜ್ಞರೂ ತಾವೇ.

ಈ ಶ್ರಾವಣದಲ್ಲಿ ಸೋಮನಿಂಗ ತೀರಿಕೊಂಡ. ಊರಿನವರು ಬಂದರು. ಯಾರ ಸಾವಿನಲ್ಲೂ ಮಾಡುವ ಹಾಗೆ, ಹೆಣದ ಮುಂದೆ ಕುಳಿತು ಎಲ್ಲರೂ ಮರುಕದಿಂದ ಲೊಚಗುಟ್ಟಿದೆವು. ರಾಮವ್ವ ತಲೆಯೆತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಮಣ್ಣಾದ ಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದಳು: "ಇವತ್ತ ಊರ ಮಂದಿ ಎಲ್ಲಾ ನಮ್ಮ ಮಾತು ಆಡಿದ್ರು ನೋಡ್ರಿ ಅಕ್ಕೋರ. ನನ್ನ ತಮ್ಮ ಖರೇನ ಹೋದನೇನು ಅಂತ ನಾ ಮನಸಿನ್ಯಾಗ ಕೇಳಾಕತ್ತಿದ್ನಿ. ಎಲ್ಲಾರೂ ಹೌದು ಹೌದು ಅಂದ್ರು."

ಈಗ ಅವಳೊಡನೆ ಆ ಮಾತಾಡಲು ಯಾರೂ ಇಲ್ಲ. ಸಂಜೆ ನಾನು ಹೋಗಿ ಕೂರುತ್ತೇನೆ. ನನಗೆ ಬರುವುದು ಬೆರಳೆಣಿಕೆಯ ಶಬ್ದಗಳು, ಅವೂ ತಪ್ಪು. ಮೊದಲೆಲ್ಲ ಹೊಟ್ಟೆ ಹಿಡಿದು ನಕ್ಕು ತಿದ್ದುತ್ತಿದ್ದವಳು ಈಗ ತಿದ್ದುವುದಿಲ್ಲ. ಏನೋ ಒಂದು ಸದ್ದು ಬಂತಲ್ಲ ಎಂದು ಸಂತೋಷಪಡುತ್ತಾಳೆ. ಅದನ್ನು ನೋಡಲು ನನ್ನಿಂದ ಆಗುತ್ತಿಲ್ಲ.

ಆದ್ದರಿಂದ ಮತ್ತೆ ಬನ್ನಿ. ಮೊದಲು ಟೇಪು ಚಾಲೂ ಮಾಡಿ, ಬಾಯಿ ತೆರೆಯುವುದು ಆಮೇಲೆ. ರಾಮವ್ವ ಲೊಚ್ ಎಂದಲ್ಲಿ 'ಹೌದು' ಎಂದು ಬರೆದುಕೊಳ್ಳಿ. ಬೇಗ ಬನ್ನಿ. ಅವಳೂ ಹೋದ ಮೇಲೆ ಬಂದರೆ ಆ ತಗಡಿನ ಮನೆಯ ಮುಂದೆ ನಿಂತು, ಅಯ್ಯೋ ಪಾಪ ಎಂದು ತಾವೂ ಲೊಚಗುಟ್ಟುವಿರಿ. ಆಗ ಆ ಭಾಷೆಯನ್ನು ಕೊನೆಯದಾಗಿ ಆಡಿದವರು ತಾವೇ ಆಗುತ್ತೀರಿ, ಅದೂ ಏನು ಹೇಳಿದೆನೆಂದು ತಿಳಿಯದೆ.

ಇಂತಿ,
ಹೌದು ಎನ್ನುವುದನ್ನಷ್ಟೇ ಸರಿಯಾಗಿ ಕಲಿತಿರುವ ದಡ್ಡ ವಿದ್ಯಾರ್ಥಿನಿ,
ಶಮಶಾದಬಿ, ನಿವೃತ್ತ ಅಕ್ಕೋರು
ನಾಲತವಾಡ, ೨೦೦೧