ಇಪ್ಪತ್ತನೆಯ ಸಹಿ

ನೆವಾರ್ಕ್, ಕ್ಯಾಲಿಫೋರ್ನಿಯಾ
28 ನವೆಂಬರ್ 1999

ಪ್ರೀತಿಯ ಅಂಬವ್ವ,

ನಿನ್ನ ಮೂರು ಪತ್ರಗಳಿಗೂ ಉತ್ತರ ಬರೆಯದ ಅಪರಾಧಿ ನಾನು. ಜಡ್ಜ್ ಸಾಹೇಬರು ಶಿಕ್ಷೆ ಕಡಿಮೆ ಮಾಡಬೇಕು. ಗದಗಿನ ಕೋರ್ಟಿನಲ್ಲಿ ನಿನ್ನ ತಲೆಯ ಮೇಲಿನ ಫ್ಯಾನು ರಿಪೇರಿಯಾಯಿತೇ? ಇಲ್ಲಿ ನಾವೆಲ್ಲ ಆರಾಮ. ನಮ್ಮ ಯಜಮಾನರು ಶರೀಫ್ ಈಗ ಫಾಸ್ಟರ್ ಸಿಟಿಯ ಒಂದು ಡಾಟ್ ಕಾಮ್ ಕಂಪನಿಗೆ ವಕೀಲರು. ಆಫೀಸಿಗೆ ಹೋಗುವಾಗ ಕೊಲ್ಲಿ ದಾಟುವ ಸೇತುವೆಯ ಟ್ರಾಫಿಕ್ಕಿಗೆ ಶಾಪ ಹಾಕುವುದು ಅವರ ಎರಡನೆಯ ಕೆಲಸ.

ಈಗ ವಿಷಯ. ನೀನು ಪರೀಕ್ಷೆ ಬರೆದು ಜಡ್ಜ್ ಆದೆ. ಇಲ್ಲಿ ಅದಕ್ಕೆ ಗವರ್ನರಿಗೆ ಅರ್ಜಿ ಹಾಕಬೇಕು. ನಾನೂ ಹಾಕಿದೆ. ಆಮೇಲೆ ಒಂದು ಸಮಿತಿ ನಮ್ಮನ್ನು ಬಲ್ಲ ವಕೀಲರಿಗೆಲ್ಲ ಫಾರ್ಮು ಕಳಿಸಿ, ಈಕೆ ಹೇಗೆ ಎಂದು ಗುಟ್ಟಾಗಿ ವಿಚಾರಿಸುತ್ತದೆ. ಬರೆದವರ ಹೆಸರು ನಮಗೆ ಹೇಳುವುದಿಲ್ಲ. ಹನ್ನೆರಡು ವರ್ಷ ಬಡವರ ಪರ ಸರ್ಕಾರಿ ವಕೀಲೆಯಾಗಿ ದುಡಿದವಳಿಗೆ ಹೆದರಿಕೆ ಯಾಕೆ? ಎದುರು ಪಕ್ಷದವರನ್ನೂ ಬಿಡದೆ ಎಪ್ಪತ್ತೈದು ವಕೀಲರ ಪಟ್ಟಿ ಕೊಟ್ಟೆ.

ಸಂದರ್ಶನಕ್ಕೆ ನಾಲ್ಕು ದಿನ ಮೊದಲು ಸಮಿತಿಯಿಂದ ಫೋನು ಬಂತು. ದೂರೇನಾದರೂ ಇದ್ದರೆ ಮೊದಲೇ ತಿಳಿಸುವುದು ನಿಯಮ. ನಾನು ಮುಂಗೋಪಿ, ಸಿಟ್ಟು ಬಂದರೆ ಕೈಯಲ್ಲಿದ್ದದ್ದನ್ನು ಬಿಸಾಡುತ್ತೇನೆ ಎಂದು ಒಬ್ಬರು ಬರೆದಿದ್ದರಂತೆ. ನಗು ಬಂತು. ಕೋರ್ಟಿನಲ್ಲಿ ಒಂದು ಪೆನ್ಸಿಲನ್ನೂ ಬಿಸಾಡಿದವಳಲ್ಲ ನಾನು.

ಪಕ್ಕದ ಬೀದಿಯ ಜಯರಾಮ್, ಮಂಡ್ಯದವರು, ಸುದ್ದಿ ಕೇಳಿ ಓಡಿಬಂದರು. "ಅಲ್ಲ ಕಣಮ್ಮ, ಸುಮ್ನೆ ಅರ್ಜಿ ವಾಪಸ್ ತಗೊಂಬುಡು. ಯಾರ್ಗೂ ಗೊತ್ತಾಗಕಿಲ್ಲ," ಎಂದರು. ಶರೀಫ್ ತಲೆಯೆತ್ತದೆ ಚಹಾ ಕಲಕುತ್ತಿದ್ದರು. ಮಗಳು ಅಲೀನಾ ಮಾತ್ರ, "ಮಾಮ್, ಯು ಡು ಗೆಟ್ ಮ್ಯಾಡ್. ಸೋ ವಾಟ್?" ಎಂದಳು. ಹದಿಮೂರು ವರ್ಷಕ್ಕೆ ಇಷ್ಟು ಬುದ್ಧಿ!

ನಾನು ಸಂದರ್ಶನಕ್ಕೆ ಹೋದೆ. "ಹೌದು, ಸಿಟ್ಟು ಬರುತ್ತದೆ," ಎಂದೆ. "ಇಂಗ್ಲಿಷು ಬಾರದ ಒಬ್ಬ ಮುದುಕಿಯಿಂದ ದುಭಾಷಿಯಿಲ್ಲದೆ ತಪ್ಪೊಪ್ಪಿಗೆಗೆ ಸಹಿ ಹಾಕಿಸಲು ಹೊರಟಾಗ ಎದ್ದು ನಿಂತು ದನಿ ಎತ್ತಿದ್ದೆ. ನಾಳೆಯೂ ಎತ್ತುತ್ತೇನೆ. ಸಿಟ್ಟೇ ಬಾರದ ಜಡ್ಜ್ ಬೇಕಾದರೆ ನನ್ನನ್ನು ಬಿಡಿ."

ಬಿಟ್ಟರು! 'ಅರ್ಹರಲ್ಲ' ಎಂದು ಒಂದೇ ಸಾಲಿನ ಕಾಗದ ಬಂತು.

ಆದರೆ ಇಲ್ಲಿ ಇನ್ನೊಂದು ಬಾಗಿಲಿದೆ, ಅಂಬವ್ವ. ನಮ್ಮ ಕೌಂಟಿಯಲ್ಲಿ ಒಬ್ಬ ಜಡ್ಜ್ ನಿವೃತ್ತರಾಗುತ್ತಿದ್ದಾರೆ. ಆ ಸ್ಥಾನಕ್ಕೆ ಮಾರ್ಚಿನಲ್ಲಿ ಚುನಾವಣೆ. ಜಡ್ಜ್ ಆಗಲು ಜನರ ಹತ್ತಿರ ಓಟು ಕೇಳುವುದೇ ಎಂದು ನೀನು ಹುಬ್ಬೇರಿಸುತ್ತೀ, ಗೊತ್ತು. ಕೇಳುತ್ತೇನೆ. ಮನೆಮನೆಗೆ ಹೋಗಿ ನನ್ನ ಹೆಸರು ಹೇಳಿಯೇ ಕೇಳುತ್ತೇನೆ. ಸೋತರೂ ಎಲ್ಲರ ಎದುರಿಗೇ ಸೋಲುತ್ತೇನೆ. ನಾಮಪತ್ರಕ್ಕೆ ಮೊದಲ ಸಹಿ ಹಾಕಿದವರು ಜಯರಾಮ್ ಅವರೇ, "ನೀನು ಯಾರ್ ಮಾತ್ ಕೇಳೀಯೆ!" ಎಂದು ಗೊಣಗುತ್ತ ಹಾಕಿದರು.

ನಿನ್ನ ಅವ್ವನಿಗೆ ನನ್ನ ಸಲಾಂ ಹೇಳು. ಮಕ್ಕಳಿಗೆ ದೇವರು ಆಯುಷ್ಯ, ಆರೋಗ್ಯ, ಸ್ವಲ್ಪ ಸಿಟ್ಟನ್ನೂ ಕೊಡಲಿ.

ನಿನ್ನ ಕಾಲೇಜು ಬೆಂಚಿನ ಗೆಳತಿ,
ಖಾಲಿದಾ

ತಾ.ಕ.: ನಾನು ಬಿಸಾಡಿದ್ದು ಒಂದೇ ಸಲ. ಅಮ್ಮಿ ತೀರಿಕೊಂಡರೆಂದು ಹುಬ್ಬಳ್ಳಿಯಿಂದ ಫೋನು ಬಂದ ದಿನ, ಮಣ್ಣಿಗೂ ತಲುಪಲಾರೆ ಎಂದು ಗೊತ್ತಾದಾಗ ಚಹಾದ ಕಪ್ಪನ್ನು ಗೋಡೆಗೆ ಎಸೆದಿದ್ದೆ. ಅಡುಗೆಮನೆಯಲ್ಲಿದ್ದದ್ದು ಶರೀಫ್ ಒಬ್ಬರೇ. ಎಪ್ಪತ್ತೈದರ ಪಟ್ಟಿಯಲ್ಲಿ ಅವರ ಹೆಸರನ್ನೂ ನಾನೇ ಬರೆದಿದ್ದೆ. ಮನೆಗೆ ಬಂದವರು ನನ್ನನ್ನು ಹೊಗಳಿದರೆ, "ಅಷ್ಟೇನಿಲ್ಲ ಬಿಡ್ರಿ, ಭಾಳ ಸಿಟ್ಟಿನಾಕಿ," ಎಂದು ನಗಿಸುವುದು ಅವರ ರೂಢಿ. ಸ್ವಂತ ಹೆಂಡತಿಯನ್ನು ಹೊರಗಿನವರ ಮುಂದೆ ಹೊಗಳಬಾರದಲ್ಲ! ಫಾರ್ಮಿನಲ್ಲೂ ಅದೇ ಮರ್ಯಾದೆ ಪಾಲಿಸಿದ್ದಾರೆ. ಅದಕ್ಕೆ ಅವರಿಗೆ ಸಿಕ್ಕಿದ್ದು ನನ್ನ ಅಮ್ಮಿ ಸತ್ತ ದಿನ. ಬಹಳ ನೋವಾಗಿದೆ ಕಣೇ. ಇನ್ನೂ ಕೇಳಿಲ್ಲ.

ನಾಮಪತ್ರಕ್ಕೆ ಇಪ್ಪತ್ತು ಸಹಿ ಬೇಕು, ಹತ್ತೊಂಬತ್ತು ಆಗಿವೆ. ಆ ಫಾರ್ಮಿನಲ್ಲಿ ಹೆಸರು ಗುಟ್ಟಾಗಿತ್ತು, ಇದರಲ್ಲಿ ಎಲ್ಲರಿಗೂ ಕಾಣುತ್ತದೆ. ನಾಳೆ ಬೆಳಿಗ್ಗೆ ಚಹಾದ ಜೊತೆ ಪೆನ್ನನ್ನೂ ಅವರ ಮುಂದೆ ಇಡುತ್ತೇನೆ.